‘ಸ್ವಭಕ್ಷಣೆ’ಯಲ್ಲಿ ‘ಸ್ವ’ ಎಂದರೆ ಯಾರು?

ಏಕಾದಶಿ ಹತ್ತಿರ ಬಂತೆಂದರೆ ಮನೆಯವರ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಮೆಸೇಜು ಸುತ್ತತೊಡಗುತ್ತದೆ. ನಮ್ಮ ಹಿರಿಯರಿಗೆ ಮೊದಲೇ ಗೊತ್ತಿದ್ದುದನ್ನು ಜಪಾನಿನ ವಿಜ್ಞಾನಿಯೊಬ್ಬರು ಈಗ ಕಂಡುಹಿಡಿದು ನೊಬೆಲ್ ಪಡೆದರಂತೆ. ಉಪವಾಸವಿದ್ದರೆ ದೇಹ ತನ್ನೊಳಗಿನ ಕ್ಯಾನ್ಸರ್ ಕೋಶಗಳನ್ನು ತಾನೇ ತಿಂದುಹಾಕುತ್ತದಂತೆ. ಅದರ ಹೆಸರು ಆಟೋಫೇಜಿಯಂತೆ. ಇದರಲ್ಲಿ ನೊಬೆಲ್ ನಿಜ, ಹೆಸರೂ ನಿಜ. ನಡುವಿನ ವಾಕ್ಯ ಮಾತ್ರ ನಿಜವಲ್ಲ, ಜನ ನಂಬುವುದು ಅದನ್ನೇ.

ಯೋಶಿನೋರಿ ಓಸುಮಿ ಅವರಿಗೆ 2016ರಲ್ಲಿ ನೊಬೆಲ್ ಬಂದದ್ದು ಆಹಾರಕ್ರಮದ ಸಂಶೋಧನೆಗಲ್ಲ. ಅವರು ಯೀಸ್ಟ್ ಕೋಶಗಳಲ್ಲಿ ಈ ಕ್ರಿಯೆಯನ್ನು ನಡೆಸುವ ಜೀನ್‌ಗಳನ್ನು ಗುರುತಿಸಿದ್ದರು. ಪದ ಅದಕ್ಕಿಂತ ಹಳೆಯದು. ಗ್ರೀಕಿನ ‘ತಾನು’, ‘ತಿನ್ನು’ ಎಂಬ ಎರಡು ಮಾತುಗಳನ್ನು ಸೇರಿಸಿ 1963ರಲ್ಲಿ ಅದನ್ನು ಕಟ್ಟಿದವರು ಕ್ರಿಸ್ಟಿಯಾನ್ ಡಿ ಡೂವ್. ಕನ್ನಡದಲ್ಲಿ ‘ಸ್ವಭಕ್ಷಣೆ’ ಎನ್ನಬಹುದು. ಜೀವಕೋಶ ತನ್ನೊಳಗಿನ ಸವೆದ, ಮುರಿದ ಭಾಗಗಳನ್ನು ಪೊರೆಯ ಚೀಲದಲ್ಲಿ ಕಟ್ಟಿ ಲೈಸೋಸೋಮ್‌ಗೆ ಸಾಗಿಸುತ್ತದೆ. ಅಲ್ಲಿ ಅವು ಒಡೆದು ಮತ್ತೆ ಕಚ್ಚಾವಸ್ತುಗಳಾಗುತ್ತವೆ. ಹಳೆಯ ಒಡವೆ ಕರಗಿಸಿ ಹೊಸದು ಮಾಡಿಸಿದ ಹಾಗೆ. ಆಹಾರ ಸಿಗದಾಗ ಈ ಕೆಲಸ ಚುರುಕಾಗುತ್ತದೆ ಎನ್ನುವುದೂ ನಿಜವೇ.

ಭಾಷೆಯ ವಿದ್ಯಾರ್ಥಿಯಾಗಿ ನನಗೆ ಕಾಣುವ ತೊಂದರೆ ಇರುವುದು ಆ ವಾಕ್ಯದ ಕರ್ತೃವಿನಲ್ಲಿ. ಇಲ್ಲಿ ತಿನ್ನುವುದು ಕೋಶ, ತಿನ್ನಿಸಿಕೊಳ್ಳುವುದು ಅದೇ ಕೋಶದ ಭಾಗ. ಮೆಸೇಜಿನಲ್ಲಿ ಕರ್ತೃ ‘ದೇಹ’ವಾಗಿ, ಕರ್ಮ ‘ಕ್ಯಾನ್ಸರ್ ಕೋಶ’ವಾಗಿ ಬದಲಾಗಿದೆ. ‘ಸ್ವ’ ಎಂದರೆ ನಾನು ಅಂದುಕೊಂಡಿದ್ದೇವೆ. ಆದರೆ ಕ್ಯಾನ್ಸರ್ ಕೋಶಕ್ಕೂ ಅದರದ್ದೇ ಒಂದು ‘ಸ್ವ’ ಇದೆ. ಅದಕ್ಕೂ ಹಸಿವಾಗುತ್ತದೆ, ಅದೂ ತನ್ನ ಹಳೆಯ ಒಡವೆ ಕರಗಿಸಿಕೊಂಡು ಕಷ್ಟಕಾಲ ದಾಟಬಲ್ಲದು. ಚಿನ್ನ ಯಾರದ್ದೆಂದು ಕುಲುಮೆ ಕೇಳುವುದಿಲ್ಲ.

ದೊಡ್ಡ ಕರುಳಿನ ಕ್ಯಾನ್ಸರ್ ಮೇಲಿನ ಸಂಶೋಧನೆ ಇದನ್ನು ಚೆನ್ನಾಗಿ ತೋರಿಸುತ್ತದೆ. ಆಟೋಫೇಜಿ ಕ್ಯಾನ್ಸರನ್ನು ತಡೆಯುತ್ತದೆ ಎಂಬ ನಂಬಿಕೆಗೂ ಆಧಾರವಿತ್ತು. 1999ರಲ್ಲಿ ಬೆತ್ ಲೆವೀನ್ ಅವರ ತಂಡ ಸ್ತನ ಕ್ಯಾನ್ಸರ್ ಕೋಶಗಳಲ್ಲಿ ಬೆಕ್ಲಿನ್ 1 ಎಂಬ ಜೀನನ್ನು ಹೆಚ್ಚಿಸಿದಾಗ ಆಟೋಫೇಜಿ ಹೆಚ್ಚಿತು, ಗಡ್ಡೆ ಬೆಳೆಸುವ ಶಕ್ತಿ ಕುಗ್ಗಿತು. ಆದರೆ ಕರುಳಿನ ಕಥೆ ಬೇರೆಯಾಯಿತು. ಹೆಚ್ಚಿನ ಕರುಳಿನ ಕ್ಯಾನ್ಸರುಗಳಲ್ಲಿ ಕೆಟ್ಟಿರುವ ಜೀನ್ ಎಪಿಸಿ. ಆ ದೋಷವಿದ್ದ ಇಲಿಗಳ ಕರುಳಿನಲ್ಲಿ ಆಟೋಫೇಜಿಗೆ ಬೇಕಾದ ಒಂದು ಜೀನನ್ನು ತೆಗೆದಾಗ ಗಡ್ಡೆಗಳು ಹುಟ್ಟುವುದೇ ಕಡಿಮೆಯಾಯಿತೆಂದು 2015ರ ಅಧ್ಯಯನವೊಂದು ತೋರಿಸಿತು. 2017ರಲ್ಲಿ ಇನ್ನೊಂದು ತಂಡ, ನಮ್ಮ ಬಾಯಲ್ಲಿ ವಾಸಿಸುವ ಫ್ಯೂಸೋಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯಾ ಕರುಳಿನ ಗಡ್ಡೆ ಸೇರಿ, ಅಲ್ಲಿನ ಕೋಶಗಳಲ್ಲಿ ಆಟೋಫೇಜಿಯನ್ನು ಎಬ್ಬಿಸಿ, ಕೀಮೋದಿಂದ ಪಾರಾಗಲು ನೆರವಾಗುತ್ತದೆಂದು ಕಂಡಿತು.

ಹಾಗಾಗಿ ಇಲ್ಲಿ ಔಷಧ ಹುಡುಕುವವರಲ್ಲಿ ಅನೇಕರು ಆಟೋಫೇಜಿಯನ್ನು ಹೆಚ್ಚಿಸಲು ಹೋಗಿಲ್ಲ, ತಡೆಯಲು ಹೊರಟಿದ್ದಾರೆ. ಮಲೇರಿಯಾದ ಹಳೆಯ ಮಾತ್ರೆ, ಕೋವಿಡ್ ಕಾಲದಲ್ಲಿ ಎಲ್ಲರ ಬಾಯಿಗೆ ಬಂದ ಹೈಡ್ರಾಕ್ಸಿಕ್ಲೋರೋಕ್ವಿನ್, ಅದಕ್ಕಾಗಿಯೇ ಪ್ರಯೋಗಕ್ಕೆ ಬಂತು. ಫಲಿತಾಂಶ ಇದುವರೆಗೆ ನಿರಾಸೆಯದೇ. ಕರುಳಿನ ಕ್ಯಾನ್ಸರಿಗೆ ಅದು ರೂಢಿಯ ಚಿಕಿತ್ಸೆಯಾಗಿಲ್ಲ. ಆರೋಗ್ಯವಂತ ಕೋಶಗಳಿಗೂ ಆಟೋಫೇಜಿ ಬೇಕಲ್ಲ!

ಅಳೆಯುವುದೂ ಸುಲಭವಲ್ಲ. ಕೋಶದಲ್ಲಿ ಕಸದ ಚೀಲಗಳು ಹೆಚ್ಚಿದ್ದರೆ ಆಟೋಫೇಜಿ ಜೋರಾಗಿದೆ ಎನ್ನುವಂತಿಲ್ಲ. ಬೀದಿ ಮೂಲೆಯಲ್ಲಿ ಕಸ ರಾಶಿ ಬಿದ್ದಿದೆ ಎಂದರೆ ಎಲ್ಲರೂ ಮನೆ ತೊಳೆದಿರಬಹುದು, ಇಲ್ಲವೇ ಕಸದ ಲಾರಿ ಬಂದಿಲ್ಲದಿರಬಹುದು. ಪ್ರಯೋಗಾಲಯದಲ್ಲೇ ಹೀಗಿರುವಾಗ ‘ಹದಿನಾರನೇ ಗಂಟೆಗೆ ಆಟೋಫೇಜಿ ಶುರು’ ಎಂದು ಚಾರ್ಟ್ ಹಂಚುವವರ ಧೈರ್ಯ ದೊಡ್ಡದು.

ಉಪವಾಸದ ಮೇಲೆ ನನಗೆ ಸಿಟ್ಟಿಲ್ಲ. ದೇವರಿಗಾಗಿ ಮಾಡುವವರು ನೊಬೆಲ್ ಬರುವವರೆಗೆ ಕಾದಿರಲಿಲ್ಲ, ಅವರಿಗೆ ಅದರ ಸಾಕ್ಷಿಯೂ ಬೇಕಿಲ್ಲ. ನನ್ನ ಆಕ್ಷೇಪ ಇರುವುದು ಕಾಯಿಲೆಯವರ ಕೈಗೆ ಈ ವಾಕ್ಯ ಕೊಡುವುದಕ್ಕೆ. 2022ರಲ್ಲಿ ಜಗತ್ತಿನಲ್ಲಿ ಸುಮಾರು 19 ಲಕ್ಷ ಜನರಲ್ಲಿ ದೊಡ್ಡ ಕರುಳು ಮತ್ತು ಗುದನಾಳದ ಕ್ಯಾನ್ಸರ್ ಪತ್ತೆಯಾಯಿತು. ಅದೇ ವರ್ಷ ಈ ಕಾಯಿಲೆ 9 ಲಕ್ಷ ಜನರನ್ನು ಬಲಿ ತೆಗೆದುಕೊಂಡಿತು. ಬೇಗ ಸಿಕ್ಕರೆ ಗುಣವಾಗುವ ಕಾಯಿಲೆಯಿದು. ಕೊಲೊನೋಸ್ಕೋಪಿಯಲ್ಲಿ ಪಾಲಿಪ್ ಕಂಡರೆ ಅದು ಕ್ಯಾನ್ಸರ್ ಆಗುವ ಮೊದಲೇ ತೆಗೆದುಬಿಡಬಹುದು. ನಾವೋ ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿ ಎಂದುಕೊಂಡು, ನಾಚಿಕೆಯಿಂದ ತಿಂಗಳುಗಟ್ಟಲೆ ಬಾಯಿ ಬಿಡುವುದಿಲ್ಲ. ಆ ತಿಂಗಳುಗಳಿಗೆ ‘ದೇಹ ತಾನೇ ತಿಂದುಹಾಕುತ್ತದೆ’ ಎಂಬ ಸಮಾಧಾನವೂ ಸೇರಿಕೊಂಡರೆ? ಕೀಮೋ ಪಡೆಯುತ್ತಾ ತೂಕ ಕಳೆದುಕೊಳ್ಳುತ್ತಿರುವವರು ಡಾಕ್ಟರಿಗೆ ಹೇಳದೆ ಊಟ ಬಿಟ್ಟರೆ?

ವಿಜ್ಞಾನವನ್ನು ಕನ್ನಡಕ್ಕೆ ತರುವಾಗ ಒಳ್ಳೆಯ ಪದ ಹುಡುಕಿದರೆ ನಮ್ಮ ಕೆಲಸ ಮುಗಿಯಿತು ಅಂದುಕೊಳ್ಳುತ್ತೇವೆ. ಆದರೆ ‘ಸ್ವಭಕ್ಷಣೆ’ ಎಷ್ಟು ಚೆಂದದ ಪದವಾದರೂ, ಯಾರು ಯಾರನ್ನು ತಿನ್ನುತ್ತಾರೆಂದು ಅದರ ಪಕ್ಕದಲ್ಲೇ ಹೇಳದಿದ್ದರೆ ಅದು ಅರ್ಧ ಅನುವಾದ. ಮುಂದಿನ ಸಲ ಆ ಮೆಸೇಜು ಬಂದಾಗ ಜಗಳ ಬೇಡ. ‘ಯಾವ ಕೋಶ?’ ಎಂದು ಕೇಳಿ. ಜೊತೆಗೆ, ಮನೆಯಲ್ಲಿ ಯಾರಾದರೂ ಮೂಲವ್ಯಾಧಿ ಎಂದು ಸುಮ್ಮನಿದ್ದಾರಾ ಎಂದೂ ಕೇಳಿ.