ಥೈರಾಯ್ಡ್ ನೇತ್ರರೋಗ: ಕಾಲವೇ ಸಂಪನ್ಮೂಲ

ಗಾಂಧಿ ಬಜಾರಿನಲ್ಲಿ ಹೂ ಕಟ್ಟುವವರಿಗಾಗಲಿ, ಅಂಗಡಿಯ ಲೆಕ್ಕ ಬರೆಯುವವರಿಗಾಗಲಿ ಒಂದು ವಸ್ತು ಎರಡಾಗಿ ಕಾಣತೊಡಗಿದರೆ ದುಡಿಮೆಯೇ ನಿಂತಂತೆ. ಥೈರಾಯ್ಡ್ ನೇತ್ರರೋಗದಲ್ಲಿ ಉಬ್ಬಿದ ಕಣ್ಣು ಎಲ್ಲರಿಗೂ ಕಾಣುತ್ತದೆ. ಈ ನಷ್ಟ ಮಾತ್ರ ಯಾರ ಲೆಕ್ಕಕ್ಕೂ ಬರುವುದಿಲ್ಲ.

ಕಣ್ಣಿನ ಸ್ನಾಯುಗಳ ಉರಿಯೂತ ಸಕ್ರಿಯವಾಗಿರುವಾಗ, ಸಾಮಾನ್ಯವಾಗಿ ಸ್ಟಿರಾಯ್ಡ್ ಜೊತೆಗೆ, ವಿಕಿರಣ ಚಿಕಿತ್ಸೆ ನೀಡುವುದುಂಟು: ಎರಡು ವಾರಗಳಲ್ಲಿ 10 ಕಂತು, ಒಟ್ಟು 20 ಗ್ರೇ. ಅನೇಕ ಕ್ಯಾನ್ಸರ್‌ಗಳಿಗೆ ಕೊಡುವ 60–70 ಗ್ರೇಗೆ ಹೋಲಿಸಿದರೆ ಇದು ಅಲ್ಪ. ಇದರಿಂದ ಕಣ್ಣಿನ ಚಲನೆ ಸುಧಾರಿಸಬಹುದು. ಉಬ್ಬು ಅಷ್ಟಾಗಿ ಇಳಿಯದು. ಮಧುಮೇಹದಿಂದ ಅಕ್ಷಿಪಟಲ ಕೆಟ್ಟವರಿಗೆ ಇದು ಸಲ್ಲದು. 35 ವರ್ಷದೊಳಗಿನವರಿಗೂ ಸಾಮಾನ್ಯವಾಗಿ ಕೊಡುವುದಿಲ್ಲ. ಧೂಮಪಾನ ಇದರ ಫಲವನ್ನು ಕುಗ್ಗಿಸುತ್ತದೆ. ಸ್ನಾಯು ನಾರುಗಟ್ಟಿದ ಮೇಲಂತೂ ಪ್ರಯೋಜನ ಅತ್ಯಲ್ಪ.

ಅಂದರೆ ಇಲ್ಲಿ ದುರ್ಲಭವಾದ ಸಂಪನ್ಮೂಲ ಯಂತ್ರವಲ್ಲ, ಕಾಲ. 2020ರಲ್ಲಿ ಅಮೆರಿಕ ಅನುಮೋದಿಸಿದ ಟೆಪ್ರೊಟುಮುಮ್ಯಾಬ್ ಔಷಧ ಸಾಮಾನ್ಯರ ಕೈಗೆಟುಕದು. ಆದರೆ ಬಸವನಗುಡಿಗೆ ಅನತಿದೂರದಲ್ಲೇ ಶತಮಾನ ದಾಟಿದ ಮಿಂಟೋ ಕಣ್ಣಾಸ್ಪತ್ರೆಯಿದೆ. 1973ರಲ್ಲಿ ಆರಂಭವಾದ ಕಿದ್ವಾಯಿ ಸಂಸ್ಥೆಯಲ್ಲಿ ವಿಕಿರಣ ಯಂತ್ರಗಳಿವೆ. ಹಾರ್ಮೋನು, ನೇತ್ರ ಮತ್ತು ವಿಕಿರಣ ತಜ್ಞರು ವಾರಕ್ಕೊಮ್ಮೆ ಒಂದೇ ಮೇಜಿನ ಸುತ್ತ ಕುಳಿತು ರೋಗಿಯನ್ನು ನೋಡುವ ಏರ್ಪಾಡನ್ನು ಸರ್ಕಾರ ಮಾಡಬೇಕು. ಹಾಗಾದರೆ ಕ್ಯಾನ್ಸರ್ ಆಸ್ಪತ್ರೆಯ ಹೆಸರು ಕೇಳಿಯೇ ಹಿಂಜರಿಯುವವರಿಗೆ ಧೈರ್ಯ ಹೇಳುವವರೂ ಅಲ್ಲೇ ಸಿಗುತ್ತಾರೆ. ಇದಕ್ಕೆ ಹೊಸ ಕಟ್ಟಡ ಬೇಡ. ಒಂದು ಸುತ್ತೋಲೆ, ಒಂದಿಷ್ಟು ಇಚ್ಛಾಶಕ್ತಿ ಸಾಕು.

ಆಡಳಿತದಲ್ಲಿ ದಶಕಗಳನ್ನು ಕಳೆದವನಾಗಿ ಹೇಳುತ್ತೇನೆ: ಕಡತ ಕಾಯಬಹುದು, ಕಣ್ಣು ಕಾಯದು.