ಮಾತ್ರೆಯ ಮಂಪರು ಮತ್ತು ನಮ್ಮ ಹೊಣೆ

ಮದ್ಯ ಸೇವಿಸಿ ವಾಹನ ಚಲಾಯಿಸುವವರನ್ನು ನಾವು ಕಟುವಾಗಿ ಖಂಡಿಸುತ್ತೇವೆ. ಮದ್ಯವನ್ನು ನಿಷಿದ್ಧವೆಂದು ನಂಬಿದ ಸಮುದಾಯವೆಂಬ ಅಭಿಮಾನವೂ ನಮಗಿದೆ. ಆದರೆ ತಲೆನೋವಿನ ಮಾತ್ರೆ ನುಂಗಿ, ಕಣ್ಣೆಳೆಯುತ್ತಿರುವಾಗಲೇ ಮಕ್ಕಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೊರಡುವಾಗ ನಮ್ಮ ಅಂತಃಸಾಕ್ಷಿ ಏಕೆ ಎಚ್ಚರಗೊಳ್ಳುವುದಿಲ್ಲ?

ತಲೆನೋವಿನ ಎಲ್ಲ ಮಾತ್ರೆಗಳೂ ನಿದ್ದೆ ತರಿಸುವುದಿಲ್ಲ. ಪ್ಯಾರಸಿಟಮಾಲ್ ಸಾಮಾನ್ಯವಾಗಿ ಮಂಪರು ಉಂಟು ಮಾಡದು. ಆದರೆ ಮೈಗ್ರೇನ್ ಮರುಕಳಿಸದಂತೆ ವೈದ್ಯರು ನೀಡುವ ಅಮಿಟ್ರಿಪ್ಟಿಲಿನ್, ಫ್ಲುನಾರಿಜಿನ್‌ಗಳು ಹಾಗಲ್ಲ. ರಾತ್ರಿ ನುಂಗಿದ ಮಾತ್ರೆಯ ಜಡತೆ ಮರುದಿನ ಬೆಳಗ್ಗೆಯೂ ಉಳಿಯಬಹುದು. ಮಾತ್ರೆ ಆರಂಭಿಸಿದ ದಿನಗಳಲ್ಲಿ ಮತ್ತು ಅದರ ಪ್ರಮಾಣ ಹೆಚ್ಚಿಸಿದಾಗ ವಿಶೇಷ ಎಚ್ಚರ ಅಗತ್ಯ. ನಿದ್ದೆ ಕಡಿಮೆಯಾಗುವ ರಮಝಾನ್‌ನಲ್ಲಂತೂ ಈ ಎಚ್ಚರ ಇಮ್ಮಡಿಯಾಗಬೇಕು.

ರಕ್ತದ 100 ಮಿಲಿಲೀಟರಿನಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯಾಂಶವಿದ್ದರೆ 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ವಾಹನ ಚಲಾಯಿಸುವುದು ಅಪರಾಧ. ಅದನ್ನು ಪತ್ತೆ ಹಚ್ಚಲು ಪೊಲೀಸರ ಬಳಿ ಉಸಿರಿನ ಪರೀಕ್ಷೆಯಿದೆ. ಮಾತ್ರೆಯ ಮಂಪರನ್ನು ಆ ಯಂತ್ರ ಹಿಡಿಯದು. ಅದಕ್ಕೆ ಸಾಕ್ಷಿ ಅಲ್ಲಾಹನು ಮತ್ತು ನಮ್ಮ ಮನಸ್ಸು ಮಾತ್ರ. ಯಾರೂ ನೋಡದಲ್ಲಿಯೂ ತಪ್ಪಿನಿಂದ ದೂರವಿರುವುದೇ ತಕ್ವಾ ಅಲ್ಲವೇ?

ಹಾಗೆಂದು ಚಿಕಿತ್ಸೆಯನ್ನು ಸ್ವಂತ ನಿರ್ಧಾರದಿಂದ ನಿಲ್ಲಿಸಬಾರದು. ‘ಈ ಮಾತ್ರೆ ಸೇವಿಸಿ ವಾಹನ ಚಲಾಯಿಸಬಹುದೇ?’ ಎಂದು ವೈದ್ಯರನ್ನು ಕೇಳೋಣ. ನೆರೆಮನೆಯವರ ಮಾತ್ರೆಯನ್ನು ಎರವಲು ಪಡೆಯದಿರೋಣ. ಮಂಪರಿದ್ದ ದಿನ ಬೀಗದ ಕೈಯನ್ನು ಇನ್ನೊಬ್ಬರಿಗೆ ಒಪ್ಪಿಸೋಣ. ಇಲ್ಲವೇ ಬಸ್ಸು, ಆಟೋ ಹಿಡಿಯೋಣ. ನಮ್ಮ ಜೀವದಂತೆಯೇ ದಾರಿಹೋಕನ ಜೀವವೂ ನಮ್ಮ ಕೈಯಲ್ಲಿರುವ ಅಮಾನತ್ತು.