ಸರೋವರದ ಚೆಲುವು, ಚಿತ್ರದ ಸತ್ಯ

ಗಿರಿಶಿಖರಗಳ ನಡುವಣ ಸರೋವರದಂತೆ ಚಿತ್ರಕಾರನನ್ನು ಸುಲಭವಾಗಿ ಮರುಳುಗೊಳಿಸುವ ವಸ್ತು ಮತ್ತೊಂದಿರಲಾರದು. ಹಿಮದ ಬಿಳುಪು, ನೀರಿನ ನೀಲಿ, ದಡದಲ್ಲಿ ನಾಲ್ಕು ಮರ. ಇಷ್ಟಾದರೆ ನೋಡಿದವರು ತಲೆದೂಗುತ್ತಾರೆ. ಚೆಲುವು ನಿಸರ್ಗದಲ್ಲಿಯೇ ಸಿದ್ಧವಾಗಿರುವಾಗ ಕಲಾವಿದನಿಗೆ ಉಳಿದ ಕೆಲಸವೇನು? ಕ್ಯಾಲೆಂಡರಿನ ಚಿತ್ರಕ್ಕೂ ಕಲಾಕೃತಿಗೂ ಇರುವ ಅಂತರ ಈ ಪ್ರಶ್ನೆಯಲ್ಲಿ ಅಡಗಿದೆ.

ಸ್ವಿಟ್ಜರ್ಲೆಂಡಿನ ಫರ್ಡಿನಾಂಡ್ ಹೋಡ್ಲರ್ (1853–1918) ಈ ಅಂತರವನ್ನು ತನ್ನ ಬಾಳಿನಲ್ಲಿಯೇ ಕ್ರಮಿಸಿದವನು. ಹುಡುಗನಾಗಿದ್ದಾಗ ಥೂನ್ ಪಟ್ಟಣದಲ್ಲಿ ಆತ ಕಲಿತದ್ದು ಪ್ರವಾಸಿಗರಿಗೆ ಮಾರುವ ದೃಶ್ಯಗಳನ್ನು ಬರೆಯುವ ಕಸುಬು. ಮುಂದೆ, 1905ರಲ್ಲಿಯೂ 1909ರಲ್ಲಿಯೂ, ಅದೇ ಥೂನ್ ಸರೋವರವನ್ನು ತೈಲವರ್ಣದಲ್ಲಿ ಬರೆದಾಗ ಪ್ರವಾಸಿ ಮೆಚ್ಚುವ ಅಲಂಕಾರವನ್ನೆಲ್ಲ ಕೈಬಿಟ್ಟ. ಉಳಿದದ್ದು ಬೆಟ್ಟಗಳ ಸಾಲು, ನೀರಿನಲ್ಲಿ ಅದರ ಬಿಂಬ, ಮೇಲೆ ಮೋಡಗಳ ಪಂಕ್ತಿ. ರೂಪಗಳ ಪುನರಾವರ್ತನೆಯಲ್ಲಿ ನಿಸರ್ಗದ ಏಕತೆಯನ್ನು ಕಂಡ ಆತ ಅದನ್ನು ‘ಸಮಾಂತರತೆ’ಯೆಂದು ಕರೆದ.

ನಿಸರ್ಗವನ್ನು ಇದ್ದಂತೆ ಬರೆಯುವುದೇ ಧರ್ಮವಲ್ಲವೆ ಎಂದು ಕೆಲವರು ಕೇಳಬಹುದು. ಆದರೆ ಇದ್ದಂತೆ ಕಾಣುವುದೇ ಕಷ್ಟ. ಪ್ರತಿಬಿಂಬವು ಬೆಟ್ಟದ ತಲೆಕೆಳಗಾದ ನಕಲಲ್ಲ. ಹಿಮದ ಹೊಳಪು ನೀರಿನಲ್ಲಿ ತುಸು ಕಂದುತ್ತದೆ. ಬಂಡೆಯ ಕಪ್ಪು ಹಲವೊಮ್ಮೆ ತುಸು ತಿಳಿಯಾಗುತ್ತದೆ. ನಡುವಣ ಗಾಳಿಯಿಂದಾಗಿ ದೂರದ ಬೆಟ್ಟ ನೀಲಿಗೆ ತಿರುಗುತ್ತದೆ. ಎಣ್ಣೆಬಣ್ಣ ಮೆಲ್ಲನೆ ಒಣಗುವುದರಿಂದ ಅಂಚುಗಳನ್ನು ತಿದ್ದಲು, ಬೆರೆಸಲು ಅವಕಾಶವುಂಟು. ಆ ಸೌಲಭ್ಯವೇ ಎಲ್ಲವನ್ನೂ ನಯವಾಗಿ ತೀಡಿಬಿಡುವ ಆಸೆಯನ್ನೂ ಹುಟ್ಟಿಸುತ್ತದೆ. ಕೆಳಪದರದಲ್ಲಿ ಎಣ್ಣೆ ಕಡಿಮೆ, ಮೇಲುಪದರದಲ್ಲಿ ಹೆಚ್ಚು ಇರಬೇಕೆಂಬ ನಿಯಮವನ್ನು ಮರೆತರೆ ಬಣ್ಣ ಕಾಲಾನಂತರದಲ್ಲಿ ಬಿರಿಯುತ್ತದೆ. ಅವಸರದ ಚೆಲುವಿಗೆ ಈ ಮಾಧ್ಯಮದಲ್ಲಿ ಆಯುಸ್ಸಿಲ್ಲ.

1915ರ ಜನವರಿಯಲ್ಲಿ ಹೋಡ್ಲರನ ಪ್ರೇಯಸಿ ವಲಾಂತೀನ್ ಗೊದೆ-ದರೆಲ್ ಕ್ಯಾನ್ಸರಿನಿಂದ ತೀರಿಕೊಂಡಳು. ಹಾಸಿಗೆಯಲ್ಲಿ ಕ್ಷೀಣಿಸುತ್ತಿದ್ದ ಅವಳನ್ನು ಬರೆಯುತ್ತ ಬಂದ ಕೈಯೇ ಆ ದಿನಗಳಲ್ಲಿ ಜಿನೀವಾ ಸರೋವರದ ಸೂರ್ಯಾಸ್ತವನ್ನೂ ಬರೆಯಿತು. ಮಲಗಿದ ದೇಹದ ಅಡ್ಡಗೆರೆಗೂ ನೀರಿನ ಅಡ್ಡಗೆರೆಗೂ ಅಲ್ಲಿ ಭೇದವಿಲ್ಲ. ಆ ಸರೋವರದಲ್ಲಿ ಕಣ್ಣೀರನ್ನು ಚಿತ್ರಿಸಿಲ್ಲ. ಆದರೂ ದುಃಖ ನಮ್ಮನ್ನು ಮುಟ್ಟುತ್ತದೆ.

ಛಾಯಾಚಿತ್ರವನ್ನು ಮುಂದಿಟ್ಟುಕೊಂಡು ಸರೋವರವನ್ನು ನಕಲು ಮಾಡಿಸುವ ಅಧ್ಯಾಪಕರು ಇದನ್ನು ಯೋಚಿಸಬೇಕು. ಕೈಚಳಕ ಕಲಿಯಲು ನಕಲು ಬೇಡವೆನ್ನಲಾಗದು. ಆದರೆ ಯಾವುದನ್ನು ಬಿಡಬೇಕೆಂದು ವಿದ್ಯಾರ್ಥಿ ತಾನೇ ನಿರ್ಧರಿಸುವ ದಿನವೂ ಬರಬೇಕು. ಅಂದಿನಿಂದ ಆ ಚಿತ್ರ ಅವನದು. ಅದುವರೆಗೆ ಅದು ಸರೋವರದ್ದು ಮಾತ್ರ.